ಪುರಿ ಸೇರೂ ಮಧುಗಿರಿ ಬೆಟ್ಟವೂ

ನಮ್ಮ ಮನೆಯ ಹಿಟ್ಟಿನ ಕೋಲು ಈವತ್ತು ಬೆಳಿಗ್ಗೆ ಮುರಿಯಿತು. ಮುರಿದದ್ದಾದರೂ ಯಾವಾಗ? ರಾಗಿಹಿಟ್ಟು ಇನ್ನೂ ಗಂಟುಗಂಟಾಗಿರುವಾಗ, ಹಜಾರದಲ್ಲಿ ಅತಿಥಿ ಹಸಿದು ಕೂತಿರುವಾಗ. ಅರ್ಧ ಕೋಲು ನಮ್ಮಾಕೆಯ ಕೈಯಲ್ಲಿ ಉಳಿಯಿತು, ಇನ್ನರ್ಧ ಮುದ್ದೆಯೊಳಗೆ ನೆಟ್ಟಗೆ ನಿಂತಿತು.

"ಬಂದ್ ನೋಡ್ರೀ ಇಲ್ಲಿ, ನಿಮ್ ಬೆಂಗ್ಳೂರು ಬುದ್ಧಿ ಕೊನೇಗೂ ಮುರೀತು!" ಎಂದು ಅವಳು ಒಳಗಿನಿಂದ ಕೂಗಿದಳು. ಹೊಳವನಹಳ್ಳಿಯಿಂದ ಈ ಮನೆಗೆ ಬಂದು ಇಪ್ಪತ್ತು ವರ್ಷವಾಯಿತು. ಈ ಒಂದು ಮಾತನ್ನು ಆಡುವುದಕ್ಕೇ ಇಷ್ಟು ದಿನ ಕಾದಿದ್ದಳೆಂದು ಕಾಣುತ್ತದೆ. ದನಿಯಲ್ಲಿ ದುಃಖದ ಸುಳಿವೇ ಇರಲಿಲ್ಲ.

ಆ ಕೋಲು ಹುಟ್ಟಿದ್ದು ಹಿಟ್ಟು ತಿರುವುವುದಕ್ಕಲ್ಲ. ಅದರ ಕಥೆ ಹೇಳಬೇಕಾದರೆ ಮೊದಲು ಹಜಾರದ ಅತಿಥಿಯನ್ನು ನಿಮಗೆ ಪರಿಚಯ ಮಾಡಿಸಬೇಕು. ಅವನು ನನ್ನ ಅಕ್ಕನ ಮಗ ನಂಜುಂಡ, ಪಾವಗಡದವನು. ಮೀಸೆ ಬಂದಿದೆ, ಮದುವೆಯಾಗಿದೆ, ಮೇಷ್ಟರ ಕೆಲಸವೂ ಇತ್ತು. ಅದನ್ನು ಬಿಟ್ಟು ಪಾವಗಡದಲ್ಲಿ ಪುರಿಬಟ್ಟಿ ಹಾಕುತ್ತೇನೆಂದು ಹೊರಟಿದ್ದಾನೆ. ಈ ಕಂಟ್ರೋಲಿನ ಕಾಲದಲ್ಲಿ, ಒಂದು ಮೂಟೆ ಬತ್ತಕ್ಕೆ ಪರ್ಮಿಟ್ಟು ಬರೆಸುವಷ್ಟರಲ್ಲಿ ಚಪ್ಪಲಿ ಸವೆಯುವ ಕಾಲದಲ್ಲಿ! ನಿನ್ನೆ ಸಾಯಂಕಾಲದ ಮೋಟಾರಿನಲ್ಲಿ ಬಂದಿಳಿದವನ ಕೈಯಲ್ಲಿ ಒಂದು ಹೊಸ ನೋಟುಬುಕ್ಕು. ಮೊದಲ ಹಾಳೆಯ ನೆತ್ತಿಯಲ್ಲಿ 'ವ್ಯಾಪಾರ ಸೂತ್ರಗಳು' ಎಂದು ದುಂಡಗೆ ಬರೆದು, ಅಡಿಗೆ ಎರಡು ಗೆರೆ ಎಳೆದು, ಒಂದರಿಂದ ಇಪ್ಪತ್ತರವರೆಗೆ ಅಂಕಿ ಹಾಕಿಕೊಂಡು ಬಂದಿದ್ದಾನೆ. ಅಂಕಿಗಳ ಮುಂದೆ ಏನೂ ಇಲ್ಲ. ಅದನ್ನು ನಾನು ತುಂಬಿಕೊಡಬೇಕಂತೆ.

"ಮೊದಲನೇದು ಚೆಪ್ಪು ಮಾಮಾ, ನೀ ಹೇಳಿದಂಗೆ ಬರ್ಕೊತೀನಿ" ಎಂದ. ಅವರ ಕಡೆ ಕನ್ನಡದಲ್ಲಿ ಶುರುವಾದ ಮಾತು ತೆಲುಗಿಗೆ ಹೊರಳಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ.

"ಮೊದ್ಲು ಉಣ್ಣು" ಎಂದೆ.

ಅವನು ಒಂದನೆಯ ಅಂಕಿಯ ಮುಂದೆ 'ಮೊದಲು ಉಣ್ಣುವುದು' ಎಂದು ಬರೆದುಕೊಂಡ. ನೀವೇ ಹೇಳಿ, ಇಂಥವನಿಗೆ ನಾನು ಏನು ಹೇಳಲಿ?

ಸಲಹೆ ಎಂಬ ಪದ ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಕೊಡುವುದಕ್ಕೂ ಉರಿಯುತ್ತದೆ, ತೆಗೆದುಕೊಳ್ಳುವುದಕ್ಕೂ ಉರಿಯುತ್ತದೆ. ನಾನು ಅಂಗಡಿಗೆ ಕೂತ ಹೊಸದರಲ್ಲಿ ಈ ಊರಿನಲ್ಲಿ ನನಗೆ ಬುದ್ಧಿ ಹೇಳದವರು ಯಾರಿದ್ದರು? ಒಂದು ಬೆಂಕಿಕಡ್ಡಿ ಮಾರಿ ಗೊತ್ತಿಲ್ಲದವರೆಲ್ಲ ಬಂದು ಜಗಲಿಯ ಮೇಲೆ ಕೂತು, ನನ್ನ ಪುರಿಯನ್ನೇ ಹಿಡಿ ಹಿಡಿ ಬಾಯಿಗೆ ಹಾಕಿಕೊಳ್ಳುತ್ತ, ವ್ಯಾಪಾರ ಬೆಳೆಸುವುದು ಹೇಗೆಂದು ನನಗೆ ಪಾಠ ಹೇಳಿದರು. ಆ ಸಂಗತಿಗೆ ಆಮೇಲೆ ಬರುತ್ತೇನೆ. ನೆನೆಸಿಕೊಂಡರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ.

ನಮ್ಮ ಬಟ್ಟಿ ಇರುವುದು ಮಧುಗಿರಿ ಪೇಟೆಯಲ್ಲಿ, ಬೆಟ್ಟಕ್ಕೆ ಎದುರಾಗಿ. ಅಂಗಡಿಯೂ ಅದೇ, ಮನೆಯೂ ಅದೇ. ಮುಂದೆ ಜಗಲಿ, ಪಕ್ಕದಲ್ಲಿ ಒಲೆ, ಹಿಂದೆ ನಾವು. ಉಪ್ಪುನೀರು ಸವರಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದು ಎರಡು ಸಲ ತಿರುವುವಷ್ಟರಲ್ಲಿ ಬಾಣಲಿ ತುಂಬ ಬೆಳ್ಳಗೆ ಉಬ್ಬಿ ಬರುತ್ತಿತ್ತಲ್ಲ, ಆ ಚಟಪಟ ಸದ್ದಿಗೇ ನಾನು ಹುಟ್ಟಿದ ಮೇಲೆ ಮೊದಲು ಕಣ್ಣು ಬಿಟ್ಟಿರಬೇಕು. ಚಳಿಗಾಲದಲ್ಲಿ ಪುರಿಯ ಮೂಟೆಗಳ ಮಧ್ಯೆ ತೂರಿಕೊಂಡು ಮಲಗುತ್ತಿದ್ದೆ. ಅಷ್ಟು ಹಗುರವಾದ, ಅಷ್ಟು ಬೆಚ್ಚಗಿನ ಹಾಸಿಗೆ ಅಮಲ್ದಾರರ ಮನೆಯಲ್ಲೂ ಇರಲಿಲ್ಲ. ನನ್ನ ಸ್ಲೇಟು, ನನ್ನ ಟೋಪಿ, ನನ್ನ ತಲೆಗೂದಲು ಎಲ್ಲವೂ ತೊಗರಿಕಡ್ಡಿಯ ಹೊಗೆ ನಾರುತ್ತಿದ್ದವು. ಇಸ್ಕೂಲಿನಲ್ಲಿ ಹಾಜರಿ ಕರೆಯುವಾಗ ಮೇಷ್ಟರು ನನ್ನ ಹೆಸರಿಗೆ ಬಂದೊಡನೆ ತಲೆ ಎತ್ತದೆಯೇ "ಬಂದಿದಾನೆ, ವಾಸನೆ ಬರ್ತಿದೆ" ಎಂದು ಗುರುತು ಹಾಕುತ್ತಿದ್ದರು.

ಬೆಳಿಗ್ಗೆ ಬಿಸಿಲೇರುವ ಮುಂಚೆ ಬುಟ್ಟಿಯ ಹೆಂಗಸರು ಬರುತ್ತಿದ್ದರು. ದೊಡ್ಡೇರಿ ಕಡೆಯಿಂದ, ಸುತ್ತಣ ಹಳ್ಳಿಗಳಿಂದ, ಎಂಟು ಹತ್ತು ಜನ. ನಮ್ಮಲ್ಲಿ ಪುರಿ ಅಳೆಸಿಕೊಂಡು, ತಲೆಯ ಮೇಲೆ ಬುಟ್ಟಿ ಇಟ್ಟು, ಹಳ್ಳಿ ಹಳ್ಳಿ ತಿರುಗಿ ಮಾರುವವರು. ನಮ್ಮ ಬಟ್ಟಿಯ ಮುಕ್ಕಾಲು ಪುರಿ ಅವರ ತಲೆಯ ಮೇಲೆಯೇ ಊರು ಸೇರುತ್ತಿತ್ತು. ಅವರಿಗೆ ಅಪ್ಪ ಪುರಿ ಅಳೆಯುತ್ತಿದ್ದ ರೀತಿಯನ್ನು ನೀವು ನೋಡಬೇಕಾಗಿತ್ತು.

ಹಿತ್ತಾಳೆಯ ಸೇರನ್ನು ನೆಲದ ಮೇಲೆ ಇಡುವುದು. ಹೆಂಗಸು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡು ಕೈಯನ್ನೂ ಸೇರಿನ ಬಾಯಿಯ ಸುತ್ತ ಗೋಡೆಯ ಹಾಗೆ ಒಡ್ಡುವುದು. ಅಪ್ಪ ಮೊರದಿಂದ ಸುರಿಯುವುದು. ಸೇರು ತುಂಬಿತು, ಕೈಗೋಡೆಯೊಳಗೆ ಪುರಿ ಏರತೊಡಗಿತು, ಗೋಪುರವಾಯಿತು, ಗೋಪುರ ಅವಳ ಗಲ್ಲಕ್ಕೆ ಬಂತು. ಆಗ ಅವಳು "ಸಾಕು ಕಣಪ್ಪೋ" ಎನ್ನಬೇಕು. ಅಪ್ಪ ಮೊರ ಎತ್ತಬೇಕು. ಅಳತೆ ನಿಲ್ಲಿಸುವವರು ಕೊಳ್ಳುವವರು! ಇಂಥ ವ್ಯಾಪಾರವನ್ನು ಎಲ್ಲಾದರೂ ಕಂಡಿದ್ದೀರಾ?

ಇದರಲ್ಲಿ ಕೈ ಅಗಲವಿದ್ದವಳಿಗೆ ಹೆಚ್ಚು, ಕೈ ಸಣ್ಣದಾದವಳಿಗೆ ಕಡಮೆ. ದೊಡ್ಡೇರಿಯ ಈರಕ್ಕ ಎಂಬಾಕೆ ಕಡ್ಡಿಯಂಥ ಹೆಂಗಸು, ಮೊಳಕೈ ಮೂಳೆ ಎಣಿಸಬಹುದಾಗಿತ್ತು. ಗಂಡನಿಲ್ಲ, ಮನೆ ನಡೆಯುವುದು ಆ ಬುಟ್ಟಿಯಿಂದಲೇ. ಅವಳು ಕೆಲವು ದಿನ ತನ್ನ ದಪ್ಪ ನಾದಿನಿಯನ್ನು ಜೊತೆಗೆ ಕರೆದುಕೊಂಡು ಬರುತ್ತಿದ್ದಳು, ಬರೀ ಕೈ ಒಡ್ಡುವುದಕ್ಕೆ. ಅಪ್ಪ ಅದಕ್ಕೂ ಒಂದು ಮಾತು ಆಡಲಿಲ್ಲ. ನಾನು ಎಂಟು ವರ್ಷದವನಿದ್ದಾಗ ಒಂದು ದಿನ ಮೊರ ಹಿಡಿದು ಅಳೆಯಲು ಹೋದೆ. ಈರಕ್ಕ, "ನೀನು ಬ್ಯಾಡ ಕಣಪ್ಪ, ಸೇರು ನುಂಗೋನಂಗೆ ನೋಡ್ತೀಯ. ನಿಮ್ಮಪ್ಪನ್ನ ಕರಿ" ಎಂದಳು. ನನಗೆ ಅವಮಾನವಾಗಿ ಮೊರ ಎಸೆದು ಒಳಗೆ ಹೋಗಿಬಿಟ್ಟೆ.

ಅವಳು ಹೇಳಿದ್ದು ಸುಳ್ಳಲ್ಲ. ಅಪ್ಪ ಸೇರಿನ ಕಡೆ ನೋಡುತ್ತಲೇ ಇರಲಿಲ್ಲ. ಸುರಿಯಲು ಶುರುಮಾಡಿದೊಡನೆ ಕತ್ತೆತ್ತಿ ಎದುರಿನ ಬೆಟ್ಟ ನೋಡುತ್ತಿದ್ದ. ದಿನಾ ಅದೇ ಬಂಡೆ, ಅದೇ ಕೋಟೆಗೋಡೆ. ಊರಿನವರು ಯಾರೂ ಅದನ್ನು ನೋಡುವುದಿಲ್ಲ, ಹೊರಗಿನಿಂದ ಬಂದವರು ಮಾತ್ರ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಅಪ್ಪನೋ, ಆ ಬೆಟ್ಟವನ್ನು ನಿನ್ನೆ ತಾನೇ ತಂದು ಅಲ್ಲಿ ಇಟ್ಟಿದ್ದಾರೆ ಎಂಬಂತೆ ನೋಡುತ್ತಿದ್ದ. ಮೋಡ ನೋಡುತ್ತಾನೋ, ಅಲ್ಲಿ ಮೇಯುವ ಆಡು ಎಣಿಸುತ್ತಾನೋ, ದೇವರನ್ನು ನೆನೆಯುತ್ತಾನೋ ಎಂದು ನಾನು ತಲೆ ಕೆಡಿಸಿಕೊಳ್ಳುತ್ತಿದ್ದೆ. ಕೇಳಿದರೆ "ಹೂಂ ಕಣ್ಲಾ" ಎನ್ನುತ್ತಿದ್ದ. ನಮ್ಮಪ್ಪನ ಜೊತೆ ಮಾತಾಡುವುದಕ್ಕಿಂತ ಆ ಬೆಟ್ಟದ ಜೊತೆ ಮಾತಾಡುವುದು ಸುಲಭವಾಗಿತ್ತು. ಅದು ಕೊನೆಗೆ ಪ್ರತಿಧ್ವನಿಯನ್ನಾದರೂ ಕೊಡುತ್ತಿತ್ತು.

ದೊಡ್ಡವನಾದ ಮೇಲೆ ನಾನು ಮೂರು ವರ್ಷ ಬೆಂಗಳೂರು ಪೇಟೆಯ ಒಂದು ಧಾನ್ಯದ ಮಂಡಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿಯ ಯಜಮಾನರ ಎಡಗೈಯಲ್ಲಿ ಯಾವಾಗಲೂ ಒಂದು ಕೋಲು. ಕೊಳಗ ತುಂಬಿದೊಡನೆ ಅಂಚಿನ ಮೇಲೆ ಸರ್ರನೆ ಎಳೆಯುವರು. ಹೆಚ್ಚಿನ ಕಾಳೆಲ್ಲ ರಾಶಿಗೆ ವಾಪಸ್ಸು. ಒಂದು ಕಾಳು ಅಂಚಿನ ಮೇಲೆ ನಿಲ್ಲಬಾರದು. "ಕರುಣೆ ತೋರಿಸಬೇಕು ಅನ್ನಿಸಿದರೆ ದೇವಸ್ಥಾನಕ್ಕೆ ಹೋಗಯ್ಯ, ಅಳತೆಗೆ ತರಬೇಡ" ಎನ್ನುವರು. ಆ ಸರ್ರನೆಯ ಸದ್ದಿಗೆ ನಾನು ಮರುಳಾಗಿಹೋದೆ. ಊರಿಗೆ ಹಿಂತಿರುಗುವಾಗ ಬಡಗಿಯ ಹತ್ತಿರ ಹೊನ್ನೆ ಮರದಲ್ಲಿ ಅಂಥದೇ ಒಂದು ಕೋಲು ಮಾಡಿಸಿ, ಎಣ್ಣೆ ಕುಡಿಸಿ, ಪಂಚೆಯಲ್ಲಿ ಸುತ್ತಿಕೊಂಡು ಬಂದೆ. ಅಮ್ಮನಿಗೆ ಸೀರೆ ತರುವುದು ಮರೆತಿತ್ತು, ಕೋಲು ಮರೆಯಲಿಲ್ಲ.

ನಾನು ಬಂದ ವಾರವೇ ಅಪ್ಪನ ಪಾದದ ಮೇಲೆ ಕಾದ ಮರಳು ಚೆಲ್ಲಿ ಬೊಬ್ಬೆ ಎದ್ದಿತು. ಕಾಲಿಗೆ ಎಲೆ ಕಟ್ಟಿಕೊಂಡು ಅವನು ಜಗಲಿಯ ಮೂಲೆ ಹಿಡಿದ. ಅಂಗಡಿ ನನ್ನ ಕೈಗೆ ಬಂತು. ನಾನು ಮೊದಲು ಮಾಡಿದ ಕೆಲಸವೆಂದರೆ ಬೋರ್ಡು ಬರೆಸಿದ್ದು. ನೀಲಿ ಅಕ್ಷರದಲ್ಲಿ, 'ಒಂದೇ ಅಳತೆ. ಒಂದೇ ದರ. ಕೊಸರಿಲ್ಲ.' ಎರಡನೆಯದಾಗಿ ಅಪ್ಪನ ಮುಂದೆ ಕೋಲು ಹಿಡಿದು ನಿಂತು ಅರ್ಧ ಗಂಟೆ ಭಾಷಣ ಮಾಡಿದೆ. ಸೇರು ಅಂದರೆ ಸೇರು, ಅದರ ಮೇಲೆ ಇನ್ನೊಂದು ಕಾಲು ಸೇರು ಗೋಪುರ ಕಟ್ಟಿ ಕೊಟ್ಟರೆ ನಾವು ಮಣ್ಣು ತಿನ್ನಬೇಕಾಗುತ್ತದೆ, ಪಟ್ಟಣದಲ್ಲಿ ಇಂಥ ಅಳತೆ ಕಂಡರೆ ನಗುತ್ತಾರೆ ಎಂದೆಲ್ಲ ಹೇಳಿದೆ.

ಅಪ್ಪ ಎಲ್ಲ ಕೇಳಿ, "ಹೂಂ ಕಣ್ಲಾ" ಎಂದು ಬೆಟ್ಟದ ಕಡೆ ತಿರುಗಿದ.

ಮಾರನೆಯ ದಿನ ಹೆಂಗಸರು ಬಂದರು. ಮೊದಲು ಈರಕ್ಕ. ಕೂತು, ಅಭ್ಯಾಸದಂತೆ ಸೇರಿನ ಸುತ್ತ ಕೈ ಒಡ್ಡಿದಳು.

"ಕೈ ತೆಗೀಮ್ಮ" ಎಂದೆ.

"ಯಾಕಪ್ಪ?"

"ಬೋರ್ಡು ನೋಡಿಲ್ವಾ?"

ಅವಳು ಬೋರ್ಡು ನೋಡಿದಳು, ನನ್ನ ಮುಖ ನೋಡಿದಳು, ಜಗಲಿಯ ಮೂಲೆಯಲ್ಲಿದ್ದ ಅಪ್ಪನನ್ನು ನೋಡಿದಳು. ಅಪ್ಪ ಎಲ್ಲಿ ನೋಡುತ್ತಿದ್ದನೆಂದು ಬೇರೆ ಹೇಳಬೇಕಾಗಿಲ್ಲ. ಅವಳು ಕೈ ತೆಗೆದಳು. ನಾನು ಸುರಿದೆ, ಸರ್ರನೆ ಕೋಲು ಎಳೆದೆ. ಸದ್ದು ಮಂಡಿಯದೇ, ಚೆನ್ನಾಗಿಯೇ ಬಂತು. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಜಗಳವಾಡಲಿಲ್ಲ, ಯಾರೂ ಗೊಣಗಲಿಲ್ಲ. ಬುಟ್ಟಿ ಎತ್ತಿಕೊಂಡು ಹೋದರು. ಮೂಟೆಯಲ್ಲಿ ಇನ್ನೂ ಬೇಕಾದಷ್ಟು ಪುರಿ ಉಳಿದಿತ್ತು. ನಾನು ಬೀಗಿಹೋದೆ.

ಮರುದಿನ ಇಬ್ಬರು ಕಡಮೆ. ಆ ವಾರದ ಕೊನೆಗೆ ನಾಲ್ವರು ಕಡಮೆ. ತಿಂಗಳಾಗುವಷ್ಟರಲ್ಲಿ ಈರಕ್ಕನೂ ಬರಲಿಲ್ಲ. ಮಳೆಗಾಲ ಬೇರೆ. ಪುರಿಗೆ ಥಂಡಿ ತಗುಲಿದರೆ ಕೇಳಬೇಕೇ? ಕಚ್ಚಿದರೆ ಸದ್ದಿಲ್ಲ, ಹಲ್ಲಿಗೆ ಅಂಟುತ್ತದೆ. ಮೂಟೆ ಮೂಟೆ ಪುರಿ ಮೆತ್ತಗಾಗಿ ದನದ ಕಲಗಚ್ಚಿಗೆ ಸೇರಿತು. ನಮ್ಮ ಹಸು ಆ ಮಳೆಗಾಲದಲ್ಲಿ ದಪ್ಪವಾದಷ್ಟು ಹಿಂದೆಂದೂ ಆಗಿರಲಿಲ್ಲ.

ಸಲಹೆಯವರು ಬಂದದ್ದು ಆಗ. ಪೋಸ್ಟಾಫೀಸಿನ ಗುಮಾಸ್ತರು ಅಂಗಡಿಯಲ್ಲಿ ಒಂದು ನಿಲುವುಗನ್ನಡಿ ಇಡು ಎಂದರು. ಗಿರಾಕಿ ತನ್ನ ಮುಖ ನೋಡಿಕೊಳ್ಳುತ್ತ ನಿಲ್ಲುತ್ತಾನೆ, ನಿಂತವನು ಕೊಳ್ಳುತ್ತಾನೆ ಎಂದು ಅವರ ವಾದ. ಇಟ್ಟೆ. ಪಕ್ಕದ ಕ್ಷೌರದಂಗಡಿಯಿಂದ ಎದ್ದವರೆಲ್ಲ ನಮ್ಮಲ್ಲಿಗೆ ಬಂದು ಕ್ರಾಪು ನೋಡಿಕೊಂಡು ಹೋದರು. ನಮ್ಮ ಹಳೇ ಮೇಷ್ಟರು ಪುರಿಯನ್ನು ಕಾಗದದ ಪೊಟ್ಟಣ ಕಟ್ಟಿ ಮಾರು, ನಾಗರಿಕರು ಮುಗಿಬೀಳುತ್ತಾರೆ ಎಂದರು. ಕಟ್ಟಿದೆ. ಬಂದವರು ಒಳಗೇನಿದೆಯೋ ಎಂದು ಪೊಟ್ಟಣ ಹರಿದು, ನಾಲ್ಕು ಕಾಳು ತಿಂದು, "ಮೆತ್ತಗದೆ ಕಣ್ರೀ" ಎಂದು ವಾಪಸ್ಸು ಇಟ್ಟರು. ಜೋಯಿಸರು ಬಂದು ಒಲೆಯ ಬಾಯಿ ಆಗ್ನೇಯಕ್ಕೆ ತಿರುಗಿಸು ಎಂದರು. ಅದು ಮೊದಲಿನಿಂದಲೂ ಆಗ್ನೇಯದಲ್ಲೇ ಇತ್ತು. ಹಾಗೆಂದರೆ, "ಹಾಗಾದರೆ ಬೇರೆ ಏನೋ ಇದೆ" ಎಂದು ಗಂಭೀರವಾಗಿ ತಲೆಯಾಡಿಸಿ, ಒಂದು ಉಡಿ ಪುರಿ ಕಟ್ಟಿಕೊಂಡು ಹೋದರು. ದರ ಇಳಿಸಿದೆ, ತಮಟೆ ಹೊಡೆಸಿದೆ, ಕೊಂಡವರಿಗೆ ಲಕ್ಷ್ಮಿಯ ಪಟ ಕೊಟ್ಟೆ. ಪಟ ಖರ್ಚಾಯಿತು. ಇಷ್ಟೆಲ್ಲ ಬುದ್ಧಿ ಹೇಳಿದವರಲ್ಲಿ ಒಬ್ಬರಾದರೂ, ಒಬ್ಬರೇ ಒಬ್ಬರಾದರೂ, ಆ ಬುಟ್ಟಿಯ ಹೆಂಗಸರು ಯಾಕೆ ಬರುತ್ತಿಲ್ಲ ಎಂದು ಕೇಳಲಿಲ್ಲ. ಅವರನ್ನು ಯಾಕೆ ಬೈಯಲಿ, ನಾನೂ ಕೇಳಿರಲಿಲ್ಲ.

ವಾರಕ್ಕೆ ಆರು ದಿನ ಹುರಿಯುತ್ತಿದ್ದ ಬಟ್ಟಿ ಎರಡು ದಿನಕ್ಕೆ ಇಳಿಯಿತು. ನಮ್ಮ ಒಲೆಯ ಕೆಂಡ ನಾನು ಹುಟ್ಟುವುದಕ್ಕಿಂತ ಮುಂಚಿನದು. ಸಾಯಂಕಾಲ ಬೂದಿ ಮುಚ್ಚಿ ಇಟ್ಟು ಬೆಳಿಗ್ಗೆ ಅದರಿಂದಲೇ ಹೊತ್ತಿಸುವುದು ಅಮ್ಮನ ಕೆಲಸ. ಎರಡೇ ದಿನ ಉರಿದರೆ ಅದನ್ನು ಉಳಿಸಿಕೊಳ್ಳುವುದೂ ಕಷ್ಟವಾಗಿ ಅವಳು ಕಣ್ಣೊರೆಸಿಕೊಳ್ಳತೊಡಗಿದಳು. ಕೊನೆಗೆ ಒಂದು ದಿನ ಅಪ್ಪ ತಾನಾಗಿಯೇ ಬಾಯಿ ಬಿಟ್ಟ. ಅದೇ ಒಂದು ಆಶ್ಚರ್ಯ.

"ಬರೋ ಸೋಮವಾರದ ಹೊತ್ಗೂ ಇಂಗೇ ಇದ್ರೆ ಮರಳು ಸುರುದ್ಬುಡು, ಒಲೆ ಆರಿಸ್ಬುಡು. ನೀನು ಬೆಂಗ್ಳೂರ್ಗೆ ವಾಪಸ್ ಹೋಗು. ಮಂಡಿಯೋರು ಇಟ್ಕೊತಾರೆ."

ಬೈದಿದ್ದರೆ ವಾಸಿಯಾಗಿತ್ತು. ನಾನು ಒಳಗೆ ಹೋಗಿ ಆರಿದ ಬಾಣಲಿಯ ಪಕ್ಕ ಕೂತೆ. ತಣ್ಣಗಿನ ಮರಳನ್ನು ಆ ಮನೆಯಲ್ಲಿ ನಾನು ಮುಟ್ಟಿದ್ದು ಅದೇ ಮೊದಲು. ಭಯವಾಯಿತು, ಸುಳ್ಳು ಹೇಳುವುದಿಲ್ಲ. ಭಯ ನನಗೆ ಯಾವಾಗಲೂ ಕೋಪವಾಗಿ ಹೊರಗೆ ಬರುತ್ತದೆ. ಇದಕ್ಕೆಲ್ಲ ಆ ಈರಕ್ಕನೇ ಕಾರಣ, ಅವಳೇ ಎಲ್ಲರನ್ನೂ ಎತ್ತಿಕಟ್ಟಿದ್ದಾಳೆ ಎಂದು ತೀರ್ಮಾನಿಸಿ, ಮರುದಿನ ಬೆಳಿಗ್ಗೆ ಎದ್ದವನೇ ದೊಡ್ಡೇರಿಗೆ ನಡೆದೆ. ಕೋಲನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದೆ. ಯಾಕೆ ಎಂದು ನನಗೆ ಇಂದಿಗೂ ಗೊತ್ತಿಲ್ಲ.

ಈರಕ್ಕ ಊರಿನೊಳಗೆ ಒಂದು ಮನೆಯ ಮುಂದೆ ಬುಟ್ಟಿ ಇಳಿಸಿ ಕೂತಿದ್ದಳು. ಪುರಿ ನಮ್ಮದಲ್ಲ, ಸ್ವಲ್ಪ ಹಳದಿ, ಉಪ್ಪು ಹೆಚ್ಚು, ಸಿರಾ ಬಟ್ಟಿಯದು ಎಂದು ನೋಡಿದೊಡನೆ ತಿಳಿಯಿತು. ಮನೆಯ ಹೆಂಗಸು ರಾಗಿ ತಂದು ನಿಂತಿದ್ದಳು. ಈರಕ್ಕ ತನ್ನ ಸೇರಿಗೆ ಪುರಿ ತುಂಬಿ, ಅಂಗೈಯ ಅಂಚಿನಿಂದ ಮೇಲಿನದನ್ನು ಸವರಿ ಬುಟ್ಟಿಗೆ ಬೀಳಿಸಿ, ಮಟ್ಟಸವಾಗಿ ಅಳೆದು ಕೊಟ್ಟಳು. ಒಂದು ಕಾಳು ಅಂಚಿನ ಮೇಲೆ ನಿಲ್ಲಲಿಲ್ಲ. ನಮ್ಮ ಮಂಡಿಯ ಯಜಮಾನರು ನೋಡಿದ್ದರೆ ಅವಳಿಗೆ ಕೈ ಮುಗಿಯುತ್ತಿದ್ದರು.

ನನಗೆ ಎಲ್ಲಿತ್ತೋ ಸಿಟ್ಟು. "ಏನಮ್ಮಾ ಈರಕ್ಕ! ನಾನು ಕೋಲು ಎಳೆದ್ರೆ ಅನ್ಯಾಯ ಅಂತ ಓಡೋದೆ. ನೀನೇ ಇಲ್ಲಿ ಕೈಯಲ್ಲಿ ಸವರ್ತಾ ಕೂತಿದೀಯಲ್ಲ, ನಾಚ್ಕೆ ಆಗಲ್ವಾ?" ಎಂದು ಬೀದಿಯಲ್ಲಿ ಕೂಗಾಡಿದೆ.

ಅವಳು ಗಾಬರಿಯಾಗಲಿಲ್ಲ. ಬಿದ್ದ ಕಾಳುಗಳನ್ನು ಆರಿಸಿ ಬುಟ್ಟಿಗೆ ಹಾಕಿದಳು.

"ಬಿಸ್ಲಾಗ್ ಬಂದಿದೀಯ, ನೆಳ್ಳಾಗೆ ಕುಂತ್ಕೊ. ಇದು ಊರೋರ ಅಳತೆ ಕಣಪ್ಪ. ನಿಮ್ಮಪ್ಪ ಅಳೀತಿದ್ದದ್ದು ನನ್ ಅಳತೆ."

"ಹಂಗಂದ್ರೆ?"

"ಹಂಗಂದ್ರೆ ಏನು? ಸೇರಿನ ಅಂಚಿಂದ ಕೆಳಗಿರೋದು ಊರೋರ್ದು. ಅಂಚಿನ ಮ್ಯಾಲಿರೋದು ನಂದು. ನಿಮ್ಮಂಗ್ಡೀ ದರಕ್ಕೇ ಇಲ್ಲೂ ಕೊಡ್ಬೇಕು, ಇಲ್ದಿದ್ರೆ ಯಾರ್ ತಗೊತಾರೆ? ನಿಮ್ಮಪ್ಪ ಎಂಟು ಸೇರು ಅಳದ್ರೆ ನಾನಿಲ್ಲಿ ಹತ್ತು ಸೇರು ಮಾರ್ತಿದ್ದೆ. ಆ ಎರಡು ಸೇರ್ನಾಗೆ ನಮ್ಮನೆ ಹಿಟ್ಟು ಬೇಯ್ತಿತ್ತು. ನೀನು ಕೋಲು ಎಳ್ದೆ. ಎಂಟು ತಂದೆ, ಎಂಟು ಮಾರ್ದೆ. ಹೊತ್ತಿದ್ದು ನಡ್ದಿದ್ದು ಎಲ್ಲಾ ಪುಗಸಟ್ಟೆ. ಒಂದ್ ತಿಂಗ್ಳು ನೋಡ್ದೆ. ಆಮ್ಯಾಕೆ ಸಿರಾಕ್ಕೆ ಹೊಂಟೆ. ದೂರ ಅಯ್ತೆ, ಕಾಲು ಬಾತ್ಕೊತವೆ, ಆದ್ರೂ ಆ ಸಾಯಬ್ರು 'ಹಾತ್ ಲಗಾವ್ ಅಮ್ಮಾ, ಕೈ ಇಡು' ಅಂತಾರೆ."

ನಾನು ನೆರಳಿಗೆ ಹೋಗಿ ಕೂತೆ. ಕೂರದೆ ಗತಿ ಇರಲಿಲ್ಲ. ಮೂರು ವರ್ಷ ಮಂಡಿಯಲ್ಲಿ ಕಲಿತವನಿಗೆ, ಹುಟ್ಟಿದಂದಿನಿಂದ ಪುರಿಯ ಮೂಟೆಯ ಮೇಲೆ ಮಲಗಿದವನಿಗೆ, ಆ ಗೋಪುರ ಆ ಹೆಂಗಸರ ಕೂಲಿ ಎಂಬುದು ಒಂದು ದಿನವೂ ಹೊಳೆದಿರಲಿಲ್ಲ. ಅಪ್ಪನ ಧಾರಾಳ ಎಂದುಕೊಂಡಿದ್ದೆ, ದಡ್ಡತನ ಎಂದುಕೊಂಡಿದ್ದೆ. ಮೈಯೆಲ್ಲ ನಾಚಿಕೆಯಾಯಿತು. ನಾಚಿಕೆಯೂ ನನಗೆ ಕೋಪವಾಗಿಯೇ ಹೊರಗೆ ಬರುತ್ತದೆ.

"ಇಷ್ಟು ದಿನ ಬಾಯಿ ಬಿಟ್ಟು ಯಾಕಮ್ಮ ಹೇಳ್ಲಿಲ್ಲ?"

"ನೀನು ಕೇಳಿದ್ಯಾ? ಬೋರ್ಡು ತೋರಿಸ್ದೆ. ನಂಗೆ ಓದಾಕ್ ಬರಾಕಿಲ್ಲ."

"ಅಪ್ಪಂಗಾದ್ರೂ ಹೇಳ್ಬಾರ್ದಿತ್ತಾ?"

"ಹೇಳ್ದೆ ಕಣಪ್ಪ, ಎರಡ್ನೇ ದಿನವೇ ಹೇಳ್ದೆ. 'ಅವ್ನೇ ಬತ್ತಾನೆ ಬುಡವ್ವ, ಅಲ್ಲೀಗಂಟ ಗಿಟ್ಟದಿದ್ರೆ ಸಿರಾ ಕಡೀಕೆ ಹೋಗ್ತಿರು' ಅಂದ್ರು."

ದೊಡ್ಡೇರಿಯಿಂದ ಮಧುಗಿರಿಗೆ ನಾನು ಅಷ್ಟು ಬೇಗ ಯಾವತ್ತೂ ನಡೆದಿಲ್ಲ. ಜಗಲಿಯ ಮುಂದೆ ನಿಂತು ಬಾಯಿಗೆ ಬಂದಂತೆ ಅಂದೆ. ಗೊತ್ತಿತ್ತಲ್ಲ, ಎಲ್ಲ ಗೊತ್ತಿತ್ತಲ್ಲ ನಿನಗೆ! ಬಟ್ಟಿ ಆರುವವರೆಗೂ ಸುಮ್ಮನೆ ಕೂತಿದ್ದೆಯಲ್ಲ! ಸುಟ್ಟಿದ್ದು ಕಾಲೋ, ನಾಲಿಗೆಯೋ?

ಅಪ್ಪ ಪೂರ್ತಿ ಕೇಳಿದ. ಆಮೇಲೆ, "ಹೇಳಿದ್ರೆ ಕೇಳ್ತಿದ್ಯೇನ್ಲಾ?" ಎಂದ.

ನಾನು ಯೋಚಿಸಿ ನೋಡಿದೆ. ಕೇಳುತ್ತಿರಲಿಲ್ಲ. ಆ ಕೋಲು, ಆ ಬೋರ್ಡು, ಆ ಭಾಷಣ ಇದ್ದವನು ಯಾರ ಮಾತು ಕೇಳಿಯಾನು? ಇದು ನನ್ನನ್ನು ಇನ್ನಷ್ಟು ಕೆರಳಿಸಿತು. ಏನಾದರೂ ಒಂದಕ್ಕೆ ಅವನನ್ನು ತಪ್ಪಿತಸ್ಥನನ್ನಾಗಿ ಮಾಡಲೇಬೇಕಾಗಿತ್ತು.

"ಹೋಗ್ಲಿ, ಅವರ ಪಾಲು ಅವರಿಗೆ ಅಂತಲೇ ಇಟ್ಕೊ. ಎಷ್ಟು ಅಂತ ಕಣ್ಣಿಟ್ಟು ನೋಡ್ಬಾರ್ದೇನು? ಅಳೆಯೋವಾಗ ಆ ಹಾಳು ಬೆಟ್ಟ ಯಾಕೆ ನೋಡ್ತೀಯ?"

ಅಪ್ಪ ಇನ್ನೂ ಮಾಯದ ಕಾಲಿನ ಕಟ್ಟು ಸರಿಮಾಡಿಕೊಂಡ. ಆಯುಷ್ಯದಲ್ಲಿ ಅವನು ನನ್ನ ಜೊತೆ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

"ನಾನು ಸೇರು ನೋಡಿದ್ರೆ ಅವ್ರು ಕೈ ಎಳ್ಕೊತಾರೆ ಕಣ್ಲಾ. ತಮ್ ಪಾಲು ತಗೊಳ್ಳಾಕೂ ನಾಚ್ಕೆ ಆಯ್ತದೆ. ನೋಡ್ದಿದ್ರೆ ಬೇಕಾದಷ್ಟು ತಗೊಂಡು ಅವ್ರೇ ಸಾಕು ಅಂತಾರೆ. ಇಲ್ಲೀಗಂಟ ಒಬ್ಳೂ ಸಾಕು ಅನ್ನೋದು ಮರ್ತಿಲ್ಲ."

ದೊಡ್ಡೇರಿಗೆ ಹೇಳಿ ಕಳಿಸಿದ್ದೆ, ಸೋಮವಾರ ಈರಕ್ಕ ಬಂದಳು. ಹಿಂದೆ ಇನ್ನೂ ನಾಲ್ವರು ಸ್ವಲ್ಪ ದೂರದಲ್ಲಿ, ಏನಾಗುತ್ತದೋ ನೋಡೋಣವೆಂದು ನಿಂತಿದ್ದರು. ಬೋರ್ಡು ಇದ್ದ ಜಾಗದಲ್ಲಿ ಗೋಡೆಗೆ ಮೊಳೆಯ ತೂತು ಮಾತ್ರ ಇತ್ತು. ಅವಳು ಸೇರಿನ ಮುಂದೆ ಕೂತು, ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು, "ಕೈ ಇಡಬೋದೇನಪ್ಪ?" ಎಂದು ಕೇಳಿದಳು. ಇಷ್ಟು ವರ್ಷ ಯಾರ ಅಪ್ಪಣೆಯೂ ಬೇಕಾಗಿರದ ಕೈಗೆ ನಾನು ಅಪ್ಪಣೆ ಕೇಳುವುದನ್ನು ಕಲಿಸಿದ್ದೆ. ಮೊರ ಎತ್ತಿದೆ, ಸುರಿಯತೊಡಗಿದೆ, ಬೆಟ್ಟ ನೋಡಿದೆ. ಎಂಥ ಬೇಸರದ ಬೆಟ್ಟ ಅದು! ಅದರ ಮೇಲೆ ಎಣಿಸುವುದಕ್ಕೆ ಆಡೂ ಇರಲಿಲ್ಲ. ಪುರಿ ಸುರಿಯುತ್ತಲೇ ಇದೆ, ಸುರಿಯುತ್ತಲೇ ಇದೆ, ಕತ್ತು ನೋಯುತ್ತಿದೆ, ಒಂದು ಸಲ, ಒಂದೇ ಒಂದು ಸಲ ಕೆಳಗೆ ನೋಡಿಬಿಡೋಣ ಎಂದು ಜೀವ ಒದ್ದಾಡುತ್ತಿದೆ.

"ಸಾಕು ಕಣಪ್ಪೋ" ಎಂದಳು ಈರಕ್ಕ.

ಆ ವಾರ ಬಟ್ಟಿ ನಾಲ್ಕು ದಿನ ಉರಿಯಿತು, 'ಹಾತ್ ಲಗಾವ್' ಬಿಟ್ಟು ಬರಲು ಮನಸ್ಸಿಲ್ಲದ ಕೆಲವರು ಸಿರಾ ಬಟ್ಟಿಯಲ್ಲೇ ಉಳಿದುಕೊಂಡರು. ನಾನು ಕೋಲನ್ನು ಅಟ್ಟಕ್ಕೆ ಎಸೆದೆ. ಅದನ್ನು ಮದುವೆಯಾಗಿ ಬಂದ ಮೊದಲ ವಾರವೇ ನಮ್ಮಾಕೆ ಹುಡುಕಿ ತೆಗೆದು, ತೊಳೆದು, ಅಡಿಗೆಮನೆಗೆ ಸೇರಿಸಿಕೊಂಡಳು. ಅಂದಿನಿಂದ ನನ್ನ ಬುದ್ಧಿವಂತಿಕೆಯಿಂದ ತಿರುವಿದ ಮುದ್ದೆಯನ್ನೇ ನಾನು ದಿನಾ ನುಂಗುತ್ತಿದ್ದೇನೆ. ಅಪ್ಪ ಈಗಿಲ್ಲ. ಇದ್ದಿದ್ದರೆ ಕೋಲು ಮುರಿದದ್ದಕ್ಕೆ "ಹೂಂ ಕಣ್ಲಾ" ಎನ್ನುತ್ತಿದ್ದ.

ಇದನ್ನೆಲ್ಲ ನಂಜುಂಡನಿಗೆ ಗಂಟುಮುದ್ದೆಯ ಮುಂದೆ ಕೂತು ಹೇಳಿದೆ. ಅವನು ಉಂಡು ಕೈ ತೊಳೆದು, ನೋಟುಬುಕ್ಕು ತೆಗೆದು, "ಅರ್ಥ ಆಯ್ತು ಮಾಮಾ. ಎಂಟು ಸೇರಿಗೆ ಎರಡು ಸೇರು ಸೋಡಿ ಕೊಡೋದು, ಅಂತೇನಾ?" ಎಂದ. ಎರಡನೆಯ ಅಂಕಿಯ ಮುಂದೆ ಬರೆದೂಬಿಟ್ಟ. ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಅಷ್ಟರಲ್ಲಿ ಹೊರಗೆ ಈರಕ್ಕನ ಕೆಮ್ಮು ಕೇಳಿತು. ಈಗ ಮುದುಕಿ, ನಾದಿನಿ ತೀರಿಕೊಂಡಿದ್ದಾಳೆ, ಕೈ ಮೊದಲಿಗಿಂತ ಸಣ್ಣಗಾಗಿದೆ. ಆದರೂ ವಾರಕ್ಕೆರಡು ಸಲ ಬುಟ್ಟಿ ಹೊತ್ತು ಬರುತ್ತಾಳೆ. ಬರೆದುಕೊಂಡು ಕಲಿಯುವವನಲ್ಲ ಇವನು, ಅಳೆದು ಕಲಿಯಲಿ ಎಂದು ನಂಜುಂಡನ ಕೈಗೆ ಮೊರ ಕೊಟ್ಟು ಕಳಿಸಿ, ನಾನು ಬಾಗಿಲಲ್ಲಿ ನಿಂತೆ.

ಈರಕ್ಕ ಕೂತು, ನಡುಗುವ ಕೈಗಳನ್ನು ಸೇರಿನ ಸುತ್ತ ಒಡ್ಡಿದಳು. ನಂಜುಂಡ ಸುರಿಯತೊಡಗಿದ. ಸುರಿಯುತ್ತ, ಹಿಂದೆ ನಾನು ನೋಡುತ್ತಿದ್ದ ಹಾಗೆಯೇ, ಕಣ್ಣನ್ನು ಸೇರಿಗೆ ನೆಟ್ಟು, ತುಟಿಯಲ್ಲಿ ಏನೋ ಲೆಕ್ಕ ಹಾಕುತ್ತಿದ್ದ. ಪುರಿ ಅಂಚಿಗೆ ಬಂತು. ಈರಕ್ಕ ತಲೆ ಎತ್ತಿ ಅವನ ಮುಖ ನೋಡಿದಳು. ಅವಳ ಕೈಗಳು ಮೆಲ್ಲಗೆ, ಒಂದೊಂದೇ ಬೆರಳಾಗಿ, ಹಿಂದಕ್ಕೆ ಸರಿಯತೊಡಗಿದವು.

"ಲೇ ನಂಜುಂಡ!" ಎಂದು ಬೀದಿಯೆಲ್ಲ ಕೇಳುವಂತೆ ಅರಚಿದೆ. "ಬೆಟ್ಟ ನೋಡ್ಲಾ!"

ಅವನು ಬೆಚ್ಚಿ ತಲೆ ಎತ್ತಿದ. ಬಾಯಿ ಬಿಟ್ಟುಕೊಂಡು ಬೆಟ್ಟ ನೋಡುತ್ತ ನಿಂತ. ಪುರಿ ಸುರಿಯುತ್ತಿತ್ತು. ಈರಕ್ಕನ ಕೈಗಳು ಮತ್ತೆ ಮುಂದಕ್ಕೆ ಬಂದು ಸೇರನ್ನು ಬಳಸಿದವು.

"ಪಾವಗಡದಾಗೂ ಇಂಗೇ ನೋಡ್ಬೇಕಾ ಮಾಮಾ?" ಎಂದು ಅವನು ಕತ್ತು ಇಳಿಸದೆಯೇ ಕೇಳಿದ.

"ನಿಮ್ಮೂರಲ್ಲೂ ಬೆಟ್ಟ ಐತಲ್ಲೋ" ಎಂದೆ.